ಕೊನೆಯ ರೀಲಿನ ಕತ್ತಲೆ

ಹಳೆ ಸಿನಿಮಾಗಳ ಸಂಗ್ರಾಹಕ ತನ್ನ ಪ್ರೊಜೆಕ್ಟರಿನ ಬುಡದಲ್ಲೇ ಬೋರಲಾಗಿ ಸತ್ತುಬಿದ್ದಿದ್ದ. ತಲೆಯ ಹಿಂದೆ ಪೆಟ್ಟು. ಪಕ್ಕದಲ್ಲಿ ರೀಲು ಸುತ್ತುವ ಕಬ್ಬಿಣದ ಹಿಡಿಕೆ. ನೆಲದ ತುಂಬ ಕಪ್ಪು ಗ್ರಾಮಫೋನ್ ತಟ್ಟೆಯ ಚೂರು.

ಇನ್ಸ್‌ಪೆಕ್ಟರ್ ಒಂದು ಚೂರನ್ನು ಬೆಳಕಿಗೆ ಹಿಡಿದಳು. ಅದೇನೆಂದು ಸತ್ತವನ ಹೆಂಡತಿಯೇ ವಿವರಿಸಿದಳು. ಸಿನಿಮಾ ಮಾತು ಕಲಿತ ಹೊಸತರಲ್ಲಿ ಚಿತ್ರ ರೀಲಿನಲ್ಲಿ, ಮಾತು ತಟ್ಟೆಯಲ್ಲಿ ಇರುತ್ತಿತ್ತಂತೆ. ಇದು ಅಂಥದೊಂದು ಕೊಲೆ ಚಿತ್ರದ ಕೊನೆಯ ತಟ್ಟೆ. ಇದರ ರೀಲು ಇರುವುದು ಗಂಡನ ಷಡ್ಡಕನ ಹತ್ತಿರ ಮಾತ್ರ. ಕೊನೆಯಲ್ಲಿ ಪರದೆ ಕತ್ತಲಾಗುತ್ತದೆ, ಒಂದು ದನಿ ಕೊಲೆಗಾರ ಯಾರೆಂದು ಹೇಳುತ್ತದೆ. ಆ ದನಿಯನ್ನು ಕೇಳಿದವರು ಯಾರೂ ಉಳಿದಿರಲಿಲ್ಲ. ಸಂಗ್ರಾಹಕರಿಗೆ ಹುಚ್ಚು ಹಿಡಿಸಿದ್ದು ಅದೇ. ಷಡ್ಡಕರು ಮಾತು ಬಿಟ್ಟದ್ದೂ ಅದಕ್ಕೇ: ಚಿತ್ರದಲ್ಲಿ ಕೊಂದದ್ದು ಸತ್ತವನ ತಮ್ಮ ಎಂದು ಗಂಡ, ಡಾಕ್ಟರ್ ಎಂದು ಷಡ್ಡಕ.

ತಟ್ಟೆ ಅಂಚೆಯಲ್ಲಿ ಬಂದದ್ದು ನಿನ್ನೆ. ಅದನ್ನು ಪುಡಿಮಾಡುತ್ತೇನೆಂದು ಆಕೆ ಕೂಗಾಡಿದ್ದು ಇಡೀ ಬೀದಿಗೆ ಕೇಳಿಸಿತ್ತು.

"ಕೂಗಾಡಿದ್ದು ನಿಜ," ಎಂದಳು. "ನನ್ನ ಹೊಲಿಗೆ ಮಿಷನ್ ಮಾರಿ ಅದನ್ನ ತರಿಸಿದ್ರು. ಆದ್ರೆ ಕೊಂದಿಲ್ಲ."

ಹೊರಗೆ ಕಾನ್‌ಸ್ಟೇಬಲ್ ಆಗಲೇ ಜೀಪಿನ ಬಾಗಿಲು ತೆಗೆದು ನಿಂತಿದ್ದ.

* * *

ಷಡ್ಡಕನ ಕೋಣೆಯಲ್ಲಿ ಸೂರಿನವರೆಗೂ ರೀಲಿನ ಡಬ್ಬಿಗಳು. ಆ ಮನೆಯ ಹೊಸಿಲು ತುಳಿದು ವರ್ಷಗಳಾದವು, ತಟ್ಟೆ ಬಂದದ್ದೇ ತನಗೆ ಗೊತ್ತಿಲ್ಲ ಎಂದ. ಬಾಯಿ ಮಾತ್ರ ನಿಲ್ಲಲಿಲ್ಲ.

"ಅತ್ತಿಗೇನ ಹಿಡ್ಕೊಂಡು ಹೋಗಿ ಮೇಡಂ. ಬಾಯಿ ಬಿಟ್ರೆ ಬೆಂಕಿ ಆಯಮ್ಮ. ಆ ಸಿನಿಮಾದಲ್ಲೂ ಅಷ್ಟೇ, ಎಲ್ರೂ ಡಾಕ್ಟರ್ ಹಿಂದೆ ಬೀಳ್ತಾರೆ, ಕೊನೆಗೆ ನೋಡಿದ್ರೆ ಹೆಂಡ್ತಿ."

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತಳು.

"ಡಾಕ್ಟರ್ ಅಂತ ವಾದ ಮಾಡಿ ಸಂಬಂಧಾನೇ ಕಡ್ಕೊಂಡೋರು ನೀವು. ಹೆಂಡ್ತಿ ಅಂತ ಯಾವಾಗ ಕೇಳಿಸ್ಕೊಂಡ್ರಿ?"



* * *

ಸತ್ತವನ ಪ್ರೊಜೆಕ್ಟರಿನ ಹಲ್ಲಿಗೆ ಸಿಕ್ಕಿಕೊಂಡಿದ್ದ ಫಿಲ್ಮಿನ ತುಣುಕು ಷಡ್ಡಕನ ರೀಲಿನ ಹರಿದ ತುದಿಗೆ ಸರಿಯಾಗಿ ಕೂತಿತು. ಆಮೇಲೆ ಅವನೇ ಒಪ್ಪಿಕೊಂಡ. ಹೆಂಡತಿ ಮನೆಯಲ್ಲಿಲ್ಲದ ಹೊತ್ತಿಗೆ ಸತ್ತವನೇ ಅವನನ್ನು ಕರೆಸಿದ್ದ. ಚಿತ್ರ ಒಬ್ಬನದು, ದನಿ ಇನ್ನೊಬ್ಬನದು, ಕೂಡಿಸಿ ನೋಡಿದರು. ಇಬ್ಬರ ಊಹೆಯೂ ಸುಳ್ಳಾಯಿತು. ಆಮೇಲೆ ರೀಲು ಕೊಡು ಎಂದು ಇವನು, ತಟ್ಟೆ ಕೊಡು ಎಂದು ಅವನು. ಎಳೆದಾಟದಲ್ಲಿ ತಟ್ಟೆ ಬಿದ್ದು ಒಡೆಯಿತು. ಹಿಡಿಕೆ ಕೈಗೆ ಬಂತು.

ಚೂರುಗಳನ್ನು ಅಂಟಿಸಬಹುದೇ ಎಂದಷ್ಟೇ ಅವನು ಕೇಳಿದ. ಸತ್ತವನ ಮಾತೆತ್ತಲಿಲ್ಲ.

ಇನ್ಸ್‌ಪೆಕ್ಟರ್ ಇದನ್ನೆಲ್ಲ ಸತ್ತವನ ಹೆಂಡತಿಗೆ ಬಾಗಿಲಲ್ಲೇ ನಿಂತು ಹೇಳಿದಳು. ಆಕೆ ಕಣ್ಣೊರೆಸಿಕೊಳ್ಳಲಿಲ್ಲ.

"ಆ ಸಿನಿಮಾದಲ್ಲಿ ಹೆಂಡ್ತಿ ಯಾಕೆ ಕೊಂದ್ಲಂತೆ?"

"ಅದನ್ನ ಅದ್ರಲ್ಲಿ ಹೇಳಿಲ್ವಂತೆ."

"ನನ್ನ ಕೇಳಿದ್ರೆ ಹೇಳ್ತಿದ್ದೆ," ಎಂದು ಆಕೆ ಬಾಗಿಲು ಹಾಕಿಕೊಂಡಳು.