ನಡುನೀರಿನ ಪ್ಯಾರಾ

“ಸಮಸ್ತರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಾಳೆ ಇಂಗ್ಲಿಷ್ ಪೀರಿಯಡ್‌ನಲ್ಲಿ ಯಶೋಧ ಒಂದು ಕಡೆಯೂ ತಡವರಿಸುವುದಿಲ್ಲ!”

ಬಿಂಡಿಗನವಿಲೆಯ ಹೊಲದ ಬದುವಿನ ಮೇಲೆ ನಿಂತು ಎಂಟನೇ ಕ್ಲಾಸಿನ ಯಶೋಧ ಘೋಷಿಸಿದಳು. ಸಭೆ ಒಕ್ಕೊರಲಿನಿಂದ “ಬ್ಯಾ” ಎಂದಿತು. ಸಭೆ ಎಂದರೆ ಅಜ್ಜಿ ಪುಟ್ಟಗೌರಮ್ಮನ ಕುರಿಗಳು.

ಹೋದ ವಾರ ಓದುವಾಗ ಅವಳು ಒಂದು ಪದಕ್ಕೆ ತಡವರಿಸಿ ನಿಂತುಬಿಟ್ಟಿದ್ದಳು. ಕ್ಲಾಸೆಲ್ಲ ನಕ್ಕಿತ್ತು. ಆ ನಗು ಬಾಡಿಗೆ ಕೊಡದೆ ಅವಳ ಕಿವಿಯಲ್ಲೇ ಮನೆ ಮಾಡಿಕೊಂಡಿತ್ತು.

ಅದಕ್ಕೇ ಈ ಮಹಾ ಯೋಜನೆ. ಪ್ರಮೀಳಾ ಮಿಸ್ ಹಾಜರಿ ಪಟ್ಟಿಯ ಪ್ರಕಾರ ಒಬ್ಬೊಬ್ಬರಿಂದ ಒಂದೊಂದು ಪ್ಯಾರಾ ಓದಿಸುತ್ತಾರೆ. ತಿಮ್ಮೇಶ ಆದಮೇಲೆ ಯಶೋಧ. ಲೆಕ್ಕ ಹಾಕಿ ತನ್ನ ಪ್ಯಾರಾ ಹುಡುಕಿದಳು. ಇಂಗ್ಲಿಷಿನ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಬರೆದು ಬಾಯಿಪಾಠ ಮಾಡಿದಳು: “ದಿ ಬೋಟ್ ವಾಸ್ ಸ್ಮಾಲ್...”

“ಏನವ್ವಾ ಅದು?” ಎಂದಳು ಅಜ್ಜಿ.

“ದೋಣಿ ಕತೆ ಕಣಜ್ಜಿ. ಅಪ್ಪ, ಮಗಳು ಹೊಳೆ ದಾಟ್ತಾವ್ರೆ. ನಡುನೀರಲ್ಲಿ ದೋಣಿ ತೂತಾಗ್ಬುಡ್ತು.”

“ಅಯ್ಯಯ್ಯೋ! ಆಮೇಕೆ?”

“ನನ್ ಪ್ಯಾರಾ ಅಲ್ಲಿಗೆ ಮುಗೀತು. ಮುಂದಿಂದು ಲೋಕೇಶಂದು.”

“ಲೋಕೇಶ ಬರೋಗಂಟ ಅವ್ರು ನೀರಲ್ಲೇ ಇರ್ಬೇಕಾ? ಚೆಂದಾಗದೆ ಬುಡವ್ವಾ ನಿನ್ ಓದು!”

ಮರುದಿನ ಯಾರೂ ರಜ ಹಾಕಿರಲಿಲ್ಲ. ಲೆಕ್ಕ ಪಕ್ಕಾ. ತಿಮ್ಮೇಶ ಎದ್ದ, ತನ್ನ ಒಂದು ಸಾಲಿನ ಪ್ಯಾರಾ ಓದಿ ಟಪ್ಪನೆ ಕೂತ.

“ಏನೋ, ಒಂದೇ ಲೈನಿಗೆ ಕೂತ್ಬಿಟ್ಯಾ?” ಎಂದರು ಮಿಸ್. “ಮುಂದಿನ ಪ್ಯಾರಾನೂ ನೀನೇ ಓದು.”

“ಮಿಸ್, ಅದು ನಂದು!” ಯಶೋಧ ಎದ್ದೇಬಿಟ್ಟಳು.

“ನಿಂದಾ? ನೀನೇ ಬರ್ದಿದ್ದಾ?”

ಕ್ಲಾಸು ನಕ್ಕಿತು. ತಿಮ್ಮೇಶ ಅವಳ ಪ್ಯಾರಾವನ್ನು ಎಳೆದಾಡಿ, ದೋಣಿ ತೂತು ಮಾಡಿ ಕೂತ.

“ಯಶೋಧ, ಈಗ ಓದು.”

ಮುಂದಿನ ಪ್ಯಾರಾದ ಮೇಲೆ ಒಂದೂ ಕನ್ನಡ ಅಕ್ಷರವಿಲ್ಲ.

“ದಿ...” ಎಂದಳು. ಎರಡನೆಯ ಪದ ಗುರುತಿನ ಮುಖ. ಕುರಿಗಳೆದುರು ಅದನ್ನು ಎಷ್ಟು ಸಲ ಕರೆದಿಲ್ಲ! “ಬೋಟ್.” ಮೂರನೆಯದಕ್ಕೆ ತಡವರಿಸಿದಳು. ಹಿಂದೆ ಯಾರೋ ಕಿಸಕ್ಕೆಂದರು. ಅವಳು ನಿಲ್ಲಲಿಲ್ಲ; ಅಪ್ಪ, ಮಗಳು ಇನ್ನೂ ನೀರಿನಲ್ಲಿದ್ದರು. ಬೆರಳಿಟ್ಟು, ಅಕ್ಷರ ಕೂಡಿಸಿ, ಮತ್ತೆ ತಡವರಿಸಿ ಓದಿದಳು. ಮಗಳು ತನ್ನ ಟವೆಲ್ ತೆಗೆದು ತೂತಿಗೆ ತುರುಕಿದಳು. ಸದ್ಯ!

“ಗುಡ್. ಲೋಕೇಶ್, ಮುಂದಕ್ಕೆ.”

ಯಶೋಧ ಕೂತಳು. ಲೋಕೇಶ ಎದ್ದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಅವಳ ಬೆರಳು ಆಗಲೇ ಅವನ ಪ್ಯಾರಾಕ್ಕೆ ಇಳಿದಿತ್ತು.