ಸೀಟಿನ ಮೇಲೆ ಬಿಟ್ಟ ಕರ್ಚೀಫು

"ಮೇಡಮ್ಮೋರೇ, ಟೋಕನ್ ಬೋರ್ಡು ಮತ್ತೆ ನಿಂತೋಯ್ತು!"

ನರ್ಸ್ ನರಸಿಂಹಮ್ಮನ ಕೂಗಿಗೆ ಅನುಪಮಾ ತನ್ನ ಕೋಣೆಗೆ ಓಡಿಬಂದಳು. ತುಮಕೂರಿನ ಆ ಆಸ್ಪತ್ರೆಯ ಟೋಕನ್ ಪ್ರೋಗ್ರಾಂ ಒಂಬತ್ತು ವರ್ಷದ ಹಿಂದೆ ಅವಳೇ ಬರೆದದ್ದು. ಈಚೆಗೆ ರೋಗಿಗಳು ಹೆಚ್ಚಾದ ಮೇಲೆ ದಿನವೂ ಮಧ್ಯಾಹ್ನಕ್ಕೇ ಏದುಸಿರು ಬಿಟ್ಟು ನಿಲ್ಲುತ್ತಿತ್ತು.

ಸರಿಮಾಡಲು ಹೊರಗಿನಿಂದ ಕರೆಸಿದವನು ಆಗಲೇ ಅವಳ ಕಂಪ್ಯೂಟರ್ ಮುಂದೆ ಕೂತಿದ್ದ. ತಿರುಗಿದ.

ಅಯ್ಯೋ ಶಿವನೇ... ಪ್ರಭುದೇವ!

ಕುಣಿಗಲ್ಲಿನ ಪ್ರಭು. ಎಂಸಿಎ ಲ್ಯಾಬಿನಲ್ಲಿ ಪಕ್ಕದಲ್ಲೇ ಕೂತವನು. ಸಂಜೆ ಅವಳ ಗುಬ್ಬಿ ಬಸ್ಸು ಬಂದರೆ ಕಿಟಕಿಯಿಂದ ನೀಲಿ ಚೌಕಳಿ ಕರ್ಚೀಫ್ ಎಸೆದು ಸೀಟು ಹಿಡಿದುಕೊಡುತ್ತಿದ್ದವನು.

ಕಾಲೇಜಿನ ಕೊನೆಯ ದಿನ ಎಲ್ಲರೆದುರೇ ನಕ್ಕಿದ್ದ. "ನಿನ್ನ ಪ್ರೋಗ್ರಾಂ ಹಾಗೇ ನೀನೂ. ಹಿಡಿದದ್ದನ್ನ ಬಿಡೋದೇ ಇಲ್ಲ!"

"ಹಾಗಾದ್ರೆ ನನ್ನ ಮರೆತುಬಿಡು," ಎಂದಿದ್ದಳು.

ಅವನು ಮತ್ತೆ ಫೋನ್ ಮಾಡಲಿಲ್ಲ. ಅವಳೂ...

"ಹೋದ ರೋಗಿಗಳನ್ನೆಲ್ಲ ನಿನ್ನ ಲಿಸ್ಟು ಹಿಡ್ಕೊಂಡೇ ಇದೆ ಕಣೇ," ಅಂದ, ನಿನ್ನೆ ತಾನೇ ಮಾತು ನಿಲ್ಲಿಸಿದವನ ಹಾಗೆ. "ಜನ ಇಳಿದು ಹೋದ್ರೂ ಸೀಟಿನ ಮೇಲೆ ಕರ್ಚೀಫ್ ಬಿಟ್ಟಂಗೆ. ಖಾಲಿ ಸೀಟನ್ನ ಈ ಪ್ರೋಗ್ರಾಂ ಬರೆದಿರೋ ಜಾವಾ ಭಾಷೆನೇ ಗುಡಿಸ್ಕೊಳ್ಳುತ್ತೆ. ಕರ್ಚೀಫ್ ಇದ್ರೆ ಮುಟ್ಟಲ್ಲ. ಮೆಮೊರಿ ತುಂಬದೆ ಇನ್ನೇನು?"

"ಡಾಕ್ಟರ್ ನೋಡಿದ ತಕ್ಷಣ ಲಿಸ್ಟಿಂದ ತೆಗೀಬೇಕಿತ್ತು..." ನಾಚಿಕೆಯಾಯಿತು. ಕೀಬೋರ್ಡ್ ಎಳೆದುಕೊಂಡು ಆ ಸಾಲು ಸೇರಿಸಿದಳು.

"ಇನ್ನೊಂದು ಇದೆ." ಅವನ ದನಿ ಇಳಿಯಿತು. "ಪ್ರೋಗ್ರಾಂ ಶುರುವಾದಾಗಲೆಲ್ಲ ಮೊದಲು ಬಂದು ಕೂರೋ ಹೆಸರು. ಪ್ರಭುದೇವ, ಕುಣಿಗಲ್."

ಅವಳು ಕೀಬೋರ್ಡಿನಿಂದ ಕೈ ತೆಗೆದಳು.

"ಅದು... ಟೆಸ್ಟ್ ಮಾಡೋಕೆ ಹಾಕಿದ್ದು."

"ಒಂಬತ್ತು ವರ್ಷ ಟೆಸ್ಟಾ?"

ಇವತ್ತು ಕೆಲಸ ಮುಗಿದರೆ ಇವನು ಮತ್ತೆ ಹೊರಟುಹೋಗುತ್ತಾನೆ. ಈಗ ಕೇಳದಿದ್ದರೆ ಇನ್ನು ಯಾವಾಗ?

"ನಿಂಗೆ... ಮದುವೆ ಆಯ್ತಾ?"

"ಮರೆತುಬಿಡು ಅಂತ ನೀನೇ ಅಂದಿದ್ದೆ. ಅದೇ ಆಗ್ಲಿಲ್ಲ, ಇನ್ನು ಮದುವೆ ಎಲ್ಲಿ ಬಂತು? ಕೋಪ ಇಳಿದ ಮೇಲೆ ನೀನೇ ಫೋನ್ ಮಾಡ್ತೀಯ ಅಂತ ಕಾಯ್ದೆ."

"ನಾನೂ ನಿನ್ನ ಫೋನಿಗೇ ಕಾಯ್ತಿದ್ದೆ ಕಣೋ, ದಡ್ಡ!"

ಕಣ್ಣೊರೆಸಿಕೊಂಡು ಅವನ ಹೆಸರಿದ್ದ ಸಾಲನ್ನು ಅಳಿಸಿಬಿಟ್ಟಳು.

ಅವನ ಮುಖ ಬಾಡಿತು. "ತೆಗೆದೇ ಬಿಟ್ಯಾ?"

"ಆಳೇ ಬಂದು ಕೂತ ಮೇಲೆ ಕರ್ಚೀಫ್ ಯಾಕೋ?"

ಪ್ರೋಗ್ರಾಂ ಮತ್ತೆ ಶುರುಮಾಡಿದಳು. ಹೊರಗೆ ಟಿಂಗ್ ಎಂದಿತು. "ಬೋರ್ಡು ಓಡ್ತು ಮೇಡಮ್ಮೋರೇ!" ನರಸಿಂಹಮ್ಮನ ಸಂಭ್ರಮ.

ಅವನು ಜೇಬು ತಡಕಿದ. ಹಳೆಯ ಅದೇ ನಗು.

"ಸಂಜೆ ಗುಬ್ಬಿ ಬಸ್ಸಲ್ಲಿ ಸೀಟು ಹಿಡೀಲಾ?"

"ಹಿಡಿ," ಅಂದಳು. "ಎರಡು."