ಮರಳಲ್ಲಿ ನಿಂತ ಹುಟ್ಟು

ಐವತ್ನಾಲ್ಕರ ಕಾರ್ತಿಕದಲ್ಲಿ, ಸರಗೂರಿನ ಹತ್ತಿರ ಕಪಿಲೆಯ ಕಡವಿನಲ್ಲಿ ಅಂಬಿಗ ಜವರನ ಹೆಣ ಸಿಕ್ಕಿತು. ಜನ ಹೆಣಕ್ಕಿಂತ ಅವನ ಹುಟ್ಟನ್ನು ಕಂಡು ಹೆಚ್ಚು ಹೆದರಿದರು. ಹರಿಗೋಲಿಗೆಂದು ಅವನೇ ಕೆತ್ತಿದ್ದ ಹೊಸ ಹುಟ್ಟು ತಲೆಕೆಳಗಾಗಿ ನಾಟಿಕೊಂಡಿತ್ತು. ಹಿಡಿ ಮರಳೊಳಗೆ, ಕರಿಯ ಅಲಗು ಮೇಲೆ, ಹೂತುಹೋದವನೊಬ್ಬ ಎತ್ತಿದ ಅಂಗೈಯಂತೆ. ಸುತ್ತ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

"ಹೊಳೆನೇ ಕರ್ಕೊಂಡದೆ," ಎಂದು ಜನ ಪಿಸುಗುಟ್ಟಿದರು.

ತಳವಾರ ಲಿಂಗಣ್ಣನಿಗೂ ಹಾಗೇ ಅನ್ನಿಸಿತು. ಆದರೆ ಹೆಣದ ತಲೆಯ ಹಿಂದೆ ಗಾಯವಿತ್ತು. ಅವನು ಸೂಲಗಿತ್ತಿ ಪುಟ್ಟಸಿದ್ದಮ್ಮನನ್ನು ಕರೆತಂದ. ಹಿಂದೆಯೂ ಅವನ ಎರಡು ಕಗ್ಗಂಟುಗಳನ್ನು ಬಿಡಿಸಿದ್ದವಳು ಆಕೆ.

ಹುಟ್ಟನ್ನು ಕೀಳಲು ಹೋದ ಲಿಂಗಣ್ಣನ ತೋಳನ್ನು ಆಕೆ ಹಿಡಿದಳು. "ಅಲಗು ಮುಟ್ಟಬ್ಯಾಡ ಕಣ್ಲಾ. ನಿಂಗಿ, ಇದಕ್ಕೇನು ಹಚ್ಚಿದ್ದ ನಿನ್ನ ಗಂಡ?"

"ಕಡವಿನ ಗುತ್ತಿಗೆ ಶಿವನಂಜಪ್ಪೋರು ವಾರ್ನಿಷ್ ಕೊಟ್ಟಿದ್ರು ಕಣವ್ವ. ಒದ್ದೆ ಕೈಗೆ ಜಾರ್ತದೆ, ನೀರಲ್ಲಿ ಸಿಪ್ಪೆ ಏಳ್ತದೆ ಅಂತ ಇವ್ರು ಒಪ್ಪನಿಲ್ಲ. ಅದಕ್ಕೇ ಜಗಳವೂ ಆಯ್ತು. ಹಿಡಿಗೆ ಹೊಂಗೆಣ್ಣೆ ಉಜ್ಜಿದ್ರು. ಅಲಗಿಗೆ ಮೊನ್ನೆ ಕರಿಗೇರಿನ ರಸ ಬಳುದ್ರು, ಅಗಸ್ರು ಬಟ್ಟೆಗೆ ಗುರ್ತು ಹಾಕ್ತಾರಲ್ಲ, ಅದು. ಹಳೇ ಹುಟ್ಟು ಸೀಳೋಯ್ತು ಅಂತ ನೆನ್ನೆ ಇದನ್ನೇ ತಕ್ಕೊಂಡೋದ್ರು."

"ಮೂರು ದಿನ ಕಾಯಣ," ಎಂದಳು ಪುಟ್ಟಸಿದ್ದಮ್ಮ.

ಮೂರನೆಯ ದಿನ ಕಡವಿನ ಮಂಟಪದಲ್ಲಿ ಎಲ್ಲರೂ ಸೇರಿದರು. ಎಲ್ಲರ ಕಣ್ಣೂ ಶಿವನಂಜಪ್ಪನ ಮೇಲೆ. ಜವರ ಸತ್ತ ಸಂಜೆ ಹರಿಗೋಲಿನಲ್ಲಿ ಕೊನೆಗೆ ದಾಟಿದ್ದ ಮರದ ವ್ಯಾಪಾರಿ ಚಿಕ್ಕಬಸಪ್ಪ ಶಾಲು ಹೊದ್ದು ಕಂಬಕ್ಕೊರಗಿದ್ದ.

"ಜವರನಿಗೆ ಒಂದೊಂದು ಬೊಗಸೆ ಹೂವು ಬುಡಿ," ಎಂದು ಪುಟ್ಟಸಿದ್ದಮ್ಮ ಬುಟ್ಟಿ ಹಿಡಿದಳು. ಶಿವನಂಜಪ್ಪ ಅಳುತ್ತಲೇ ಎರಡೂ ಕೈ ಚಾಚಿದ. ಚಿಕ್ಕಬಸಪ್ಪನ ಕೈ ಶಾಲಿನಿಂದ ಹೊರಗೆ ಬರಲಿಲ್ಲ.

"ಒಲೇಲಿ ಸುಟ್ಕಂಡಿವ್ನಿ," ಎಂದ.

ಲಿಂಗಣ್ಣ ಶಾಲು ಸರಿಸಿದ. ಎರಡೂ ಅಂಗೈ ಕಪ್ಪಗಾಗಿ, ಬೊಬ್ಬೆ ಎದ್ದು ಕೀವು ಸೋರುತ್ತಿತ್ತು.

"ಹಸಿ ಗೇರು ಆವತ್ತೇ ಸುಡಲ್ಲ, ಒಂದೆರಡು ದಿನ ಬುಟ್ಟು ಬೊಬ್ಬೆ ಏಳಿಸ್ತದೆ," ಎಂದಳು ಪುಟ್ಟಸಿದ್ದಮ್ಮ. "ಹುಟ್ಟು ಹಾಕೋನು ಹಿಡಿ ಹಿಡೀತಾನೆ, ಅಲಗು ಮುಟ್ಟಲ್ಲ. ತಲೆಕೆಳಗು ಮಾಡಿ ನೆಡೋನು ಮಾತ್ರ ಅಲಗಿನ ಮೇಲೆ ಎರಡೂ ಕೈ ಊರಬೇಕು. ದೆವ್ವಕ್ಕೆ ಬೊಬ್ಬೆ ಏಳಲ್ಲ. ನೆಟ್ಟಾಗ ಅಲ್ಲಿ ಮೊಳಕಾಲುದ್ದ ನೀರಿತ್ತು. ಬೆಳಗಾಗೋದ್ರೊಳಗೆ ನೀರು ಇಳೀತು, ಹೆಜ್ಜೆನೂ ತೊಳೀತು."

ಚಿಕ್ಕಬಸಪ್ಪ ಕುಸಿದು ಕುಳಿತ. "ಕದ್ದ ಗಂಧದ ಕೊರಡು ದಾಟ್ಸು ಅಂದೆ. ಫಾರೆಸ್ಟ್ ಗಾರ್ಡಿಗೆ ಹೇಳ್ತೀನಿ ಅಂದ. ಅದೇ ಕೊರಡಲ್ಲಿ ಹೊಡ್ದೆ. ಹೊಳೆನೇ ಕರ್ಕೊಂಡದೆ ಅನ್ಲಿ ಅಂತ ಹುಟ್ಟು ತಲೆಕೆಳಗು ನೆಟ್ಟೆ."

ನಿಂಗಿ ಮೆಲ್ಲಗೆ ಕೇಳಿದಳು: "ಇವ್ರು ಕೂಗುದ್ರಾ?"

"ನಿನ್ನ ಹೆಸ್ರು ಹಿಡ್ದು. ಎರಡು ಸಲ."

"ಕೇಳಿಸ್ತು," ಎಂದಳು ನಿಂಗಿ. "ಮುಚ್ಚಂಜೇಲಿ ಹೊಳೆ ಕಡೆಯಿಂದ ಕೂಗಿದ್ರೆ ದೆವ್ವ, ಓಗೊಡಬಾರ್ದು ಅಂತಾರಲ್ಲ. ಬಾಗ್ಲು ಹಾಕ್ಕೊಂಡೆ."

ಚಿಕ್ಕಬಸಪ್ಪನಿಗೆ ಹಗ್ಗ ಬಿಗಿಯುತ್ತಿದ್ದ ಲಿಂಗಣ್ಣನ ಕೈ ನಿಂತುಹೋಯಿತು. ಪುಟ್ಟಸಿದ್ದಮ್ಮ ಹೂವಿನ ಬುಟ್ಟಿ ಕೆಳಗಿಟ್ಟು, ನಿಂಗಿಯ ಪಕ್ಕ ನೆಲದ ಮೇಲೆ ಕುಳಿತಳು.